ಎಂಸಿಬಿ, ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ: ಕಾರವಾರ, ಶಿರಸಿ ಕಡೆಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಮನೆಯ ಡಿಬಿಯಲ್ಲಿ, ಅಂದರೆ ಕರೆಂಟನ್ನು ಕೋಣೆಗಳಿಗೆ ಹಂಚುವ ಡಬ್ಬಿಯಲ್ಲಿ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಸಂಪರ್ಕ ಬಿಡಿಸುವ ಸ್ವಿಚ್) ಬಿತ್ತೆಂದರೆ ಹೆಚ್ಚಿನವರು ಅದನ್ನು ಎತ್ತಿ ನೋಡುತ್ತಾರೆ, ಮತ್ತೆ ಬಿದ್ದರೆ ಮತ್ತೆ ಎತ್ತುತ್ತಾರೆ, ಆಮೇಲೆ ‘ಇದು ಹಾಳಾಗಿದೆ, ಸ್ವಲ್ಪ ದೊಡ್ಡದು ಹಾಕಿಬಿಡಿ’ ಎಂದು ಹೇಳುತ್ತಾರೆ. ಆದರೆ ಬೀಳುವ ಎಂಸಿಬಿಗಳಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತವೆ. ದೋಷ ಇರುವುದು ಅವುಗಳ ಮುಂದಿನ ವೈರಿನಲ್ಲಿ, ಉಪಕರಣದಲ್ಲಿ ಅಥವಾ ಬಿಗಿ ತಪ್ಪಿದ ಒಂದು ಸ್ಕ್ರೂವಿನಲ್ಲಿ. ಅದನ್ನು ಹುಡುಕುವುದಕ್ಕೆ ಸಿಗುವ ಮೊದಲ ಸುಳಿವು ಅದು ಯಾವಾಗ ಬೀಳುತ್ತದೆ ಎಂಬುದು. ಎತ್ತಿದ ಕೂಡಲೇ ಬೀಳುವುದು, ಅರ್ಧ ಗಂಟೆಯ ನಂತರ ಬೀಳುವುದು, ಪಂಪು ಹಾಕಿದಾಗ ಬೀಳುವುದು, ಮಳೆ ಹಿಡಿದಾಗ ಮಾತ್ರ ಬೀಳುವುದು, ಇವು ನಾಲ್ಕೂ ಬೇರೆ ಬೇರೆ ದೋಷಗಳು. ಆದ್ದರಿಂದ ಈ ಕೈಪಿಡಿಯನ್ನು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಲಕ್ಷಣಗಳ ಪ್ರಕಾರವೇ ಬರೆಯಲಾಗಿದೆ.

ಸಮಯವೇ ಸುಳಿವಾಗುವುದಕ್ಕೆ ಎಂಸಿಬಿಯ ರಚನೆಯೇ ಕಾರಣ. ಅದರ ಪ್ಲಾಸ್ಟಿಕ್ ಕವಚದೊಳಗೆ ಒಂದೇ ಕರೆಂಟಿನ ದಾರಿಯಲ್ಲಿ ಎರಡು ಕಾವಲುಗಳಿವೆ. ಮೊದಲನೆಯದು ಎರಡು ಲೋಹಗಳನ್ನು ಬೆಸೆದು ಮಾಡಿದ ಬೈಮೆಟಲ್ ಪಟ್ಟಿ. ಕರೆಂಟು ಮಿತಿ ಮೀರಿ ಹರಿದಾಗ ಇದು ನಿಧಾನವಾಗಿ ಕಾದು, ಬಾಗಿ, ಕೊಂಡಿಯನ್ನು ತಳ್ಳುತ್ತದೆ. ಎರಡನೆಯದು ತಾಮ್ರದ ಸುರುಳಿ. ಶಾರ್ಟ್ ಸರ್ಕ್ಯೂಟ್ ಆಗಿ ಕರೆಂಟು ಒಮ್ಮೆಲೇ ಹಲವು ಪಟ್ಟು ಏರಿದಾಗ ಈ ಸುರುಳಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಸೆಳೆದು, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಬಿಡಿಸುತ್ತದೆ. ಈ ಎರಡನ್ನೂ ಪುಟ್ಟ ಪೆಟ್ಟಿಗೆಯೊಂದರಲ್ಲಿ ಕೂಡಿಸಿದ ಎಂಸಿಬಿಗೆ ಜರ್ಮನಿಯ ಹ್ಯೂಗೋ ಸ್ಟಾಟ್ಜ್ 1924ರಲ್ಲಿ ಪೇಟೆಂಟ್ ಪಡೆದರು. ನಿಧಾನವಾಗಿ ಬಿದ್ದರೆ ಪಟ್ಟಿ ಕೆಲಸ ಮಾಡಿದೆ, ತಕ್ಷಣ ಬಿದ್ದರೆ ಸುರುಳಿ ಕೆಲಸ ಮಾಡಿದೆ ಎಂದು ತಿಳಿಯಬೇಕು.

ಆರ್‌ಸಿಸಿಬಿಯ ಕೆಲಸ ಇದಕ್ಕಿಂತ ಪೂರ್ತಿ ಬೇರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದು ಉಂಗುರದಂಥ ಕೋರ್‌ನ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ಹಿಂದಿರುಗಿದರೆ ಅದು ಸುಮ್ಮನಿರುತ್ತದೆ. ಒಂದಿಷ್ಟು ಕರೆಂಟು ಗೋಡೆಯ ಮೂಲಕವೋ ಮನುಷ್ಯನ ಮೈ ಮೂಲಕವೋ ನೆಲಕ್ಕೆ ಇಳಿದುಹೋಗಿ ಲೆಕ್ಕ ತಪ್ಪಿದರೆ ಬೀಳುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು, ಅದೂ 0.3 ಸೆಕೆಂಡಿನೊಳಗೆ. ಓವರ್‌ಲೋಡ್ ಆಗಲಿ, ಶಾರ್ಟ್ ಸರ್ಕ್ಯೂಟ್ ಆಗಲಿ ಅದರ ಕಣ್ಣಿಗೆ ಬೀಳುವುದಿಲ್ಲ.

ಕೈ ಹಾಕುವ ಮೊದಲು

ಲಿವರ್ ಎತ್ತುವುದು, ಇಳಿಸುವುದು, ಪ್ಲಗ್ ಕೀಳುವುದು, ನೋಡುವುದು, ಮೂಸುವುದು, ಇವಿಷ್ಟು ಮನೆಯವರು ಮಾಡಬಹುದಾದ ಕೆಲಸ. ಡಿಬಿಯ ಮುಖಪಟ್ಟಿಯ ಸ್ಕ್ರೂ ಬಿಚ್ಚುವುದು ಪರವಾನಗಿ ಇರುವ ಎಲೆಕ್ಟ್ರೀಷಿಯನ್‌ನ ಕೆಲಸ. ಎಂಸಿಬಿಗಳನ್ನೆಲ್ಲ ಇಳಿಸಿದ ಮೇಲೂ ಅವುಗಳಿಗೆ ಬರುವ ಬದಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ ಎಂಬುದನ್ನು ಎಂದೂ ಮರೆಯಬಾರದು. ಕಾಲಿಗೆ ರಬ್ಬರ್ ಚಪ್ಪಲಿ ಇದ್ದರೆ ಏನೂ ಆಗದೆಂಬ ನಂಬಿಕೆ ನಮ್ಮ ಕಡೆ ಬಹಳ ಬಲವಾಗಿದೆ. ಒದ್ದೆಯಾದ, ಸವೆದ ಚಪ್ಪಲಿ ಯಾರನ್ನೂ ಕಾಯುವುದಿಲ್ಲ. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ತಾಗಿದರೆ ಆರ್‌ಸಿಸಿಬಿಯೂ ಕಾಯುವುದಿಲ್ಲ, ಏಕೆಂದರೆ ಅದರ ಲೆಕ್ಕ ಆಗ ತಪ್ಪುವುದೇ ಇಲ್ಲ.

ಬಿದ್ದ ಎಂಸಿಬಿಯನ್ನು ಕಾರಣ ಹುಡುಕದೆ ಒಂದು ಸಲಕ್ಕಿಂತ ಹೆಚ್ಚು ಎತ್ತಬೇಡಿ. ಎತ್ತುವ ಮೊದಲು ಲಿವರನ್ನು ಪೂರ್ತಿ ಕೆಳಗೆ ಒತ್ತಬೇಕು, ಏಕೆಂದರೆ ಕೆಲವು ಮಾದರಿಗಳಲ್ಲಿ ಅದು ಬಿದ್ದಾಗ ನಡುವೆ ನಿಂತಿರುತ್ತದೆ, ಅಲ್ಲಿಂದ ಎತ್ತಿದರೆ ಕಚ್ಚಿಕೊಳ್ಳುವುದಿಲ್ಲ. ‘ಎಂಸಿಬಿ ನಿಲ್ಲುತ್ತಿಲ್ಲ’ ಎಂಬ ದೂರುಗಳಲ್ಲಿ ಕೆಲವು ಇಲ್ಲಿಗೇ ಮುಗಿದುಹೋಗುತ್ತವೆ. ಲಿವರನ್ನು ಒತ್ತಿ ಹಿಡಿಯುವುದರಿಂದಲೂ ದಾರ ಕಟ್ಟುವುದರಿಂದಲೂ ಪ್ರಯೋಜನವಿಲ್ಲ. ಹೊರಗಿನ ಲಿವರನ್ನು ಹಿಡಿದಿಟ್ಟರೂ ಒಳಗಿನ ಸಂಪರ್ಕ ಬಿಡುವಂತೆಯೇ ಅದನ್ನು ಕಟ್ಟಲಾಗಿದೆ.

ಸ್ವಲ್ಪ ಹೊತ್ತು ನಡೆದು ಆಮೇಲೆ ಬೀಳುತ್ತದೆ

ಮೊದಲು ಲೋಡನ್ನು ಲೆಕ್ಕ ಹಾಕಿ. ಇದಕ್ಕೆ ಕಾಗದ, ಪೆನ್ನು ಸಾಕು. ಆ ಎಂಸಿಬಿಯ ಮೇಲಿರುವ ಉಪಕರಣಗಳ ವ್ಯಾಟ್‌ಗಳನ್ನು ಕೂಡಿಸಿ 230ರಿಂದ ಭಾಗಿಸಿದರೆ ಸುಮಾರಾಗಿ ಆಂಪಿಯರ್ ಸಿಗುತ್ತದೆ. ಅಡುಗೆಮನೆಯಲ್ಲಿ 2000 ವ್ಯಾಟ್‌ನ ಇಂಡಕ್ಷನ್ ಒಲೆ, 1500 ವ್ಯಾಟ್‌ನ ಕೆಟಲ್, 750 ವ್ಯಾಟ್‌ನ ಮಿಕ್ಸರ್ ಒಟ್ಟಿಗೆ ನಡೆದರೆ 18.5 ಆಂಪಿಯರ್ ಆಯಿತು. ಅಲ್ಲಿ 16 ಆಂಪಿಯರ್‌ನ ಎಂಸಿಬಿ ಇದ್ದರೆ ಅದು ಬೀಳಬೇಕೋ ಬೇಡವೋ ಎಂಬುದನ್ನು ಭಾರತೀಯ ಮಾನಕವೇ ಹೇಳಿದೆ. ನಮೂದಿಸಿದ ಆಂಪಿಯರ್‌ನ 1.13 ಪಟ್ಟನ್ನು, ಅಂದರೆ ಸುಮಾರು 18 ಆಂಪಿಯರನ್ನು, ಅದು ಒಂದು ಗಂಟೆ ಹೊರಬೇಕು. 1.45 ಪಟ್ಟಿಗೆ, ಅಂದರೆ ಸುಮಾರು 23 ಆಂಪಿಯರ್‌ಗೆ, ಒಂದು ಗಂಟೆಯೊಳಗೆ ಬೀಳಲೇಬೇಕು. ಇವೆರಡರ ನಡುವಿನದು ಬೀಳಬಹುದು, ಬೀಳದಿರಬಹುದು. ನಿನ್ನೆ ಇಷ್ಟೇ ಲೋಡಿಗೆ ನಿಂತದ್ದು ಇವತ್ತು ಏಕೆ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಇದೇ. ಎರಡು ದೊಡ್ಡ ಉಪಕರಣಗಳನ್ನು ಒಟ್ಟಿಗೆ ಹಾಕದಿದ್ದರೆ ಬೀಳುವುದು ನಿಲ್ಲುತ್ತದೆ. ಒಟ್ಟಿಗೆ ಹಾಕಲೇಬೇಕೆಂದಿದ್ದರೆ ಒಂದಕ್ಕೆ ಡಿಬಿಯಿಂದ ಬೇರೆಯೇ ವೈರ್ ಎಳೆಸಬೇಕು.

ಇಂಥ ಕಡೆ ಎಂಸಿಬಿಯನ್ನು 16ರಿಂದ 25ಕ್ಕೆ ಏರಿಸುವುದು ತೀರ ಅಪಾಯದ ಕೆಲಸ. ಎಂಸಿಬಿ ಇರುವುದು ಉಪಕರಣಕ್ಕಾಗಿ ಅಲ್ಲ, ಗೋಡೆಯೊಳಗಿನ ವೈರಿಗಾಗಿ. ವಾಡಿಕೆಯಲ್ಲಿ 1.5 ಚದರ ಮಿಲಿಮೀಟರ್ ತಾಮ್ರಕ್ಕೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 25 ಆಂಪಿಯರ್ ಹಾಕುತ್ತಾರೆ. ತೆಳ್ಳನೆಯ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಮೊದಲು ಬಿಸಿಯಾಗುವುದು ಬೈಮೆಟಲ್ ಪಟ್ಟಿ ಅಲ್ಲ, ವೈರಿನ ಪಿವಿಸಿ ಹೊದಿಕೆ. ಮರದ ಅಟ್ಟ, ಮರದ ತೊಲೆಗಳಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಲೆಕ್ಕ ಹಾಕಿದಾಗ ಲೋಡು ಕಡಿಮೆಯೇ ಇದ್ದು, ಆದರೂ ಎಂಸಿಬಿ ಬೀಳುತ್ತಿದ್ದರೆ ಕಾವು ಬೇರೆ ಕಡೆಯಿಂದ ಬರುತ್ತಿದೆ. ಒಂದು ಗಂಟೆ ಲೋಡು ನಡೆದ ಮೇಲೆ ಎಂಸಿಬಿಯ ಮುಂಭಾಗವನ್ನು ಒಣಗಿದ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಹಜ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ, ಅದರಲ್ಲೂ ಅಕ್ಕಪಕ್ಕದವು ತಣ್ಣಗಿದ್ದು ಅದೊಂದೇ ಸುಡುತ್ತಿದ್ದರೆ, ಟರ್ಮಿನಲ್‌ನ ಸ್ಕ್ರೂ ಸಡಿಲವಾಗಿದೆ ಅಥವಾ ವೈರಿನ ತುದಿಗೆ ಕಿಲುಬು ಹಿಡಿದಿದೆ. ಸಡಿಲ ಜಾಗದ ರೋಧ ಬರಿಯ 0.1 ಓಮ್ ಇದ್ದರೂ 15 ಆಂಪಿಯರ್ ಹರಿಯುವಾಗ ಅಲ್ಲಿ 22 ವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ, ಅಂದರೆ ಪುಟ್ಟ ಸಾಲ್ಡರಿಂಗ್ ಐರನ್ ಒಂದನ್ನು ಎಂಸಿಬಿಯ ಬಾಯಲ್ಲಿ ಇಟ್ಟಂತೆ. ಆ ಶಾಖ ಬೈಮೆಟಲ್ ಪಟ್ಟಿಗೆ ತಲುಪಿ ಅದು ಬೇಗ ಬಾಗುತ್ತದೆ.

ಕಾರವಾರದ ಕೋಡಿಬಾಗ, ಬೈತಖೋಲದಂಥ ಸಮುದ್ರಕ್ಕೆ ಹತ್ತಿರದ ಜಾಗಗಳಲ್ಲಿ ಇದು ಮಾಮೂಲು. ಜಗಲಿಯ ಗೋಡೆಗೆ ಹೊಡೆದ ಡಿಬಿಯನ್ನು ಎಲೆಕ್ಟ್ರೀಷಿಯನ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ. ತಾಮ್ರದ ಎಳೆಗಳು ಹೊಳಪು ಕಳೆದುಕೊಂಡು ಹಸಿರಾಗಿರುತ್ತವೆ, ಕಬ್ಬಿಣದ ಸ್ಕ್ರೂವಿನ ತಲೆಯ ಗೀರು ತುಕ್ಕಿನಲ್ಲಿ ಮುಚ್ಚಿಹೋಗಿರುತ್ತದೆ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ, ನ್ಯೂಟ್ರಲ್ ಪಟ್ಟಿಯ ಕೆಳಗೆ ಇರುವೆ ತಂದು ಹಾಕಿದ ಮಣ್ಣು. ಇಂಥ ವೈರಿನ ತುದಿಯನ್ನು ಹಾಗೇ ಬಿಗಿದರೆ ಸಾಲದು. ಹಸಿರಾದಷ್ಟನ್ನು ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಸುಲಿದು, ತವರ ಲೇಪಿಸಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೊಪ್ಪಿ) ಒತ್ತಿ ಹಾಕಿಸಬೇಕು. ಸಮುದ್ರದ ಗಾಳಿ ನೇರವಾಗಿ ಬಡಿಯುವ ಗೋಡೆಯಿಂದ ಡಿಬಿಯನ್ನೇ ಒಳಕೋಣೆಗೆ ಸರಿಸುವುದು ಇನ್ನೂ ಒಳ್ಳೆಯದು. ಬಿಸಿಲಿಗೆ ಒಡ್ಡಿದ ತಗಡಿನ ಡಬ್ಬಿಗೆ ಇನ್ನೊಂದು ತೊಂದರೆ ಇದೆ. ಎಂಸಿಬಿಯ ಆಂಪಿಯರನ್ನು 30 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಡಬ್ಬಿಯೊಳಗೆ 50 ಡಿಗ್ರಿ ಆದರೆ 16 ಎಂದು ಬರೆದದ್ದು ಸುಮಾರು 14 ಆಂಪಿಯರಿನಂತೆ ನಡೆದುಕೊಳ್ಳುತ್ತದೆ.

ಎತ್ತಿದ ಕೂಡಲೇ ಬೀಳುತ್ತದೆ

ಎತ್ತುವಾಗಲೇ ‘ಟಪ್’ ಎಂಬ ಗಟ್ಟಿ ಸದ್ದಿನೊಂದಿಗೆ ಬಿದ್ದರೆ ಸುರುಳಿ ಕೆಲಸ ಮಾಡಿದೆ, ಅಂದರೆ ಫೇಸ್ ಎಲ್ಲಿಯೋ ನ್ಯೂಟ್ರಲ್‌ಗೆ ನೇರವಾಗಿ ತಾಗುತ್ತಿದೆ. ಎಂಸಿಬಿ ಕೆಳಗಿರುವಾಗಲೇ ಆ ಲೈನಿನ ಎಲ್ಲ ಪ್ಲಗ್‌ಗಳನ್ನು ಕಿತ್ತು, ಎಲ್ಲ ಸ್ವಿಚ್‌ಗಳನ್ನು ಆರಿಸಿ, ಒಂದು ಸಲ ಎತ್ತಿ ನೋಡಿ. ನಿಂತರೆ ದೋಷ ಉಪಕರಣದ್ದು. ಒಂದೊಂದೇ ಸ್ವಿಚ್ ಹಾಕುತ್ತ ಹೋಗಿ. ಯಾವುದಕ್ಕೆ ಬೀಳುತ್ತದೋ ಅದನ್ನು ಬದಿಗಿಟ್ಟು ಮುಂದಿನದಕ್ಕೆ ಹೋಗಿ, ಅದನ್ನೇ ಮತ್ತೆ ಪರೀಕ್ಷಿಸಬೇಡಿ. ಇಸ್ತ್ರಿಪೆಟ್ಟಿಗೆಯ ವೈರು ಬುಡದಲ್ಲಿ ಮುರಿದಿರುವುದು, ಹೋಲ್ಡರಿನಲ್ಲಿ ನೀರು ಇಳಿದಿರುವುದು, ಎಲ್‌ಇಡಿ ಬಲ್ಬಿನ ಒಳಗಿನ ಡ್ರೈವರ್ ಸುಟ್ಟಿರುವುದು ಹೆಚ್ಚಾಗಿ ಕಾಣುವ ಕಾರಣಗಳು.

ಎಲ್ಲವನ್ನೂ ಬಿಡಿಸಿದ ಮೇಲೂ ಬಿದ್ದರೆ ದೋಷ ಗೋಡೆಯೊಳಗಿದೆ, ಮನೆಯವರ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇತ್ತೀಚೆಗೆ ಮೊಳೆ ಹೊಡೆದಿದ್ದೀರಾ, ಟೈಲ್ಸ್ ಕೂರಿಸಿದ್ದೀರಾ, ಅಟ್ಟದಲ್ಲಿ ಇಲಿ ಓಡಾಡುತ್ತಿದೆಯಾ ಎಂಬುದನ್ನು ಎಲೆಕ್ಟ್ರೀಷಿಯನ್‌ಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಪ್ರತಿ ಶಾರ್ಟ್ ಸರ್ಕ್ಯೂಟಿಗೂ ಎಂಸಿಬಿ ಸ್ವಲ್ಪ ಸವೆಯುತ್ತದೆ ಎಂಬುದು ಪದೇ ಪದೇ ಎತ್ತಬಾರದು ಎನ್ನುವುದಕ್ಕೆ ನಿಜವಾದ ಕಾರಣ. ಸಂಪರ್ಕಗಳು ಬಿಡಿಸಿಕೊಳ್ಳುವಾಗ ಅವುಗಳ ನಡುವೆ ಆರ್ಕ್, ಅಂದರೆ ಉರಿಯುವ ಕಿಡಿಸೇತು ಹುಟ್ಟುತ್ತದೆ. ಅದನ್ನು ಒಂದರ ಪಕ್ಕ ಒಂದರಂತೆ ನಿಲ್ಲಿಸಿದ ಉಕ್ಕಿನ ತೆಳು ಫಲಕಗಳ ಗುಚ್ಛದೊಳಗೆ ದೂಡಿ ಹತ್ತಾರು ತುಂಡು ಮಾಡಲಾಗುತ್ತದೆ. ಪ್ರತಿ ತುಂಡು ಉರಿಯುತ್ತಿರಲು ಸುಮಾರು 20ರಿಂದ 30 ವೋಲ್ಟ್ ಬೇಕು. ಎಲ್ಲ ತುಂಡುಗಳಿಗೆ ಬೇಕಾದ ಒಟ್ಟು ವೋಲ್ಟೇಜನ್ನು ಲೈನು ಕೊಡಲಾರದೆ ಹೋದಾಗ ಆರ್ಕ್ ಆರುತ್ತದೆ. ಇದೆಲ್ಲ ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಆದರೆ ಅಷ್ಟರಲ್ಲಿ ಬೆಳ್ಳಿಯ ಮಿಶ್ರಲೋಹದ ಸಂಪರ್ಕ ಒಂದಿಷ್ಟು ಕರಗಿರುತ್ತದೆ. ದೊಡ್ಡ ಶಾರ್ಟ್ ಆದ ಮೇಲೆ ಎಂಸಿಬಿಯ ಮೈಮೇಲೆ ಕಪ್ಪು ಮಸಿ ಕಂಡರೆ ಅದನ್ನು ಬದಲಿಸಿಬಿಡಬೇಕು.

ಟ್ರಾನ್ಸ್‌ಫಾರ್ಮರಿನಿಂದ ಬಹು ದೂರದ, ಲೈನಿನ ಕೊನೆಯಲ್ಲಿರುವ ಒಂಟಿ ಮನೆಗಳಿಗೆ ಇನ್ನೊಂದು ವಿಷಯವನ್ನು ಸೇರಿಸಬೇಕು. ಉದ್ದನೆಯ ತಂತಿಯ ರೋಧ ಸೇರಿ ಶಾರ್ಟ್ ಆದ ದಾರಿಯ ಒಟ್ಟು ರೋಧ 1.5 ಓಮ್ ಆಯಿತು ಎಂದುಕೊಳ್ಳಿ. ಆಗ ಶಾರ್ಟ್ ಕರೆಂಟು 153 ಆಂಪಿಯರ್ ಮಾತ್ರ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಸಿ ಮಾದರಿಯ ಎಂಸಿಬಿಯ ಸುರುಳಿ ಐದರಿಂದ ಹತ್ತು ಪಟ್ಟಿನೊಳಗೆ ಎಲ್ಲಿ ಬೇಕಾದರೂ ಸೆಳೆಯಬಹುದು. 16 ಆಂಪಿಯರಿನದಾದರೆ 80ರಿಂದ 160ರೊಳಗೆ. ಹಾಗಾಗಿ 153ಕ್ಕೆ ಅದು ತಕ್ಷಣ ಬೀಳುತ್ತದೆಂಬ ಖಾತ್ರಿ ಇಲ್ಲ. ದೀಪಗಳೆಲ್ಲ ಮಂಕಾಗಿ, ಕೆಲವು ಸೆಕೆಂಡುಗಳ ನಂತರ ಬಿದ್ದರೆ ಕಾರಣ ಇದೇ. ಅಂಥ ಮನೆಗಳ ದೀಪ ಮತ್ತು ಪ್ಲಗ್ ಲೈನುಗಳಿಗೆ ಮೂರರಿಂದ ಐದು ಪಟ್ಟಿಗೆ ಬೀಳುವ ಬಿ ಮಾದರಿ ಹೆಚ್ಚು ಸೂಕ್ತ. ಅಂಗಡಿಯಲ್ಲಿ ಕೇಳಿ ತರಿಸಬೇಕಾಗಬಹುದು.

ಪಂಪು ಹಾಕುವಾಗ ಮಾತ್ರ ಬೀಳುತ್ತದೆ

ಬಾವಿಯ ಪಂಪು, ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ, ಮೋಟರು ಇರುವ ಯಾವುದೇ ಆದರೂ ಶುರುವಾಗುವ ಕ್ಷಣದಲ್ಲಿ ನಡೆಯುವಾಗಿನ ಕರೆಂಟಿನ ಐದಾರು ಪಟ್ಟನ್ನು ಎಳೆಯುತ್ತದೆ. ಬಿ ಮಾದರಿಯ ಎಂಸಿಬಿಯನ್ನು ಪಂಪಿಗೆ ಹಾಕಿದ್ದರೆ ಅದು ಇದನ್ನೇ ಶಾರ್ಟ್ ಎಂದು ಭಾವಿಸಿ ಬೀಳುತ್ತದೆ. ಎಂಸಿಬಿಯ ಮೇಲೆ ಆಂಪಿಯರ್ ಅಂಕಿಯ ಹಿಂದೆ ಯಾವ ಅಕ್ಷರ ಇದೆ ಎಂಬುದನ್ನು ಮೊದಲು ನೋಡಿ. ಪಂಪಿಗೆ ಸಾಮಾನ್ಯವಾಗಿ ಸಿ ಸಾಕು, ಭಾರಿ ಮೋಟರಿಗೆ ಡಿ ಬೇಕಾಗಬಹುದು.

ಮೊದಲು ನಡೆಯುತ್ತಿದ್ದ ಪಂಪು ಈಗ ಬೀಳಿಸುತ್ತಿದ್ದರೆ ವೋಲ್ಟೇಜ್ ನೋಡಿ. ಮೋಟರಿನ ಶುರುವಾಗುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಬಲ ಶೇಕಡಾ 61ಕ್ಕೆ ಕುಸಿದಿರುತ್ತದೆ. ಮೋಟರು ತಿರುಗಲಾರದೆ ‘ಗುಂ’ ಎಂದು ನಿಂತು, ಕೆಲವು ಸೆಕೆಂಡುಗಳಲ್ಲಿ ಎಂಸಿಬಿ ಬೀಳುತ್ತದೆ. ತೋಟಗಳೆಲ್ಲ ಒಂದೇ ಹೊತ್ತಿಗೆ ನೀರು ಹಾಯಿಸುವ ಬೇಸಿಗೆಯ ದಿನಗಳಲ್ಲಿ ಹೊತ್ತು ಬದಲಿಸಿ ಹಾಕಿ ನೋಡಿ. ವೋಲ್ಟೇಜ್ ಸರಿಯಿದ್ದೂ ‘ಗುಂ’ ಎನ್ನುತ್ತಿದ್ದರೆ ಕೆಪಾಸಿಟರ್ ಸೋತಿರಬಹುದು, ಅದು ಅಗ್ಗದ ವಸ್ತು, ಮೋಟರ್ ರಿಪೇರಿಯವರು ಕೂಡಲೇ ಬದಲಿಸಿಕೊಡುತ್ತಾರೆ. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ಸ್ವತಃ ಬಿಚ್ಚಬೇಡಿ. ಮಳೆಗಾಲದುದ್ದಕ್ಕೂ ಸುಮ್ಮನಿದ್ದ ಪಂಪು ಮೊದಲ ಸಲಕ್ಕೇ ಬೀಳಿಸಿದರೆ ಬೇರಿಂಗ್ ಅಥವಾ ಒಳಗಿನ ಚಕ್ರ ತುಕ್ಕು ಹಿಡಿದು ಕಚ್ಚಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಮಳೆ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ

ನಮ್ಮ ಜಿಲ್ಲೆಯಲ್ಲಿ ಜೂನ್ ಮೊದಲ ವಾರದಿಂದ ಎಲೆಕ್ಟ್ರೀಷಿಯನ್‌ಗಳ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುವುದು ಈ ಲಕ್ಷಣಕ್ಕಾಗಿಯೇ. ಇದಕ್ಕೆ ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಸಂಪರ್ಕ ಕೊಡಿಸುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗೋಡೆ, ನೆಲ, ಕೈ, ಕಾಲು ಎಲ್ಲವೂ ಒದ್ದೆಯಾಗಿರುವ ನಾಲ್ಕು ತಿಂಗಳು ಅದು ಮನೆಯಲ್ಲಿ ಇರಲೇಬೇಕಾದ ಕಾಲ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಎಲ್ಲ ಪ್ಲಗ್ ಕಿತ್ತು, ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಒಂದು ನಿಮಿಷ ಬಿಟ್ಟು ಎತ್ತುತ್ತ ಬನ್ನಿ. ಯಾವುದಕ್ಕೆ ಆರ್‌ಸಿಸಿಬಿ ಬಿತ್ತೋ ಸೋರಿಕೆ ಆ ಲೈನಿನಲ್ಲಿದೆ. ಆ ಒಂದನ್ನು ಇಳಿಸಿಟ್ಟು ಉಳಿದ ಮನೆಯನ್ನು ನಡೆಸಬಹುದು, ಮಳೆ ಜಡಿಯುವ ರಾತ್ರಿ ಎಲೆಕ್ಟ್ರೀಷಿಯನ್ ಬರುವವರೆಗೆ ಕಾಯುವುದಕ್ಕೆ ಇಷ್ಟು ಸಾಕು.

ಆಮೇಲೆ ಆ ಲೈನಿನಲ್ಲಿ ಹೊರಗೆ ಇರುವುದೇನು ಎಂದು ನೋಡಿ. ಗೇಟಿನ ದೀಪ, ಅಂಗಳದ ಪ್ಲಗ್, ಕೊಟ್ಟಿಗೆಯ ಬಲ್ಬು, ಹಿತ್ತಿಲಿನ ಬಚ್ಚಲಿಗೆ ಎಳೆದ ವೈರು, ಬಾವಿಕಟ್ಟೆಯ ಸ್ವಿಚ್‌ಬೋರ್ಡು, ಇವು ಮೊದಲ ಶಂಕಿತರು. ಟೇಪು ಸುತ್ತಿದ ಜಾಯಿಂಟು ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ, ಎರಡು ಮಳೆ ಕುಡಿದ ಮೇಲೆ ಸೋರತೊಡಗುತ್ತದೆ. ಚಿರೆಕಲ್ಲಿನ ಗೋಡೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಅದರೊಳಗೆ ಕೂರಿಸಿದ ಬೋರ್ಡಿನ ಹಿಂಭಾಗ ಮಳೆ ನಿಂತ ಎರಡು ಮೂರು ದಿನದವರೆಗೂ ತೇವವಾಗಿರಬಹುದು. ಬಿಸಿಲು ಬಿದ್ದ ಮೇಲೂ ಆರ್‌ಸಿಸಿಬಿ ಬೀಳುತ್ತಿದೆ, ಆದ್ದರಿಂದ ಕಾರಣ ಮಳೆಯಲ್ಲ ಎಂದು ತೀರ್ಮಾನಿಸುವುದು ಇಲ್ಲಿ ತಪ್ಪಾಗುತ್ತದೆ. ಕರಾವಳಿಯಲ್ಲಿ ಬೋರ್ಡಿನೊಳಗೆ ಕೂತ ಉಪ್ಪಿನ ಪುಡಿ ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಅಲ್ಲಿ ಮಳೆಯೇ ಬೇಕೆಂದಿಲ್ಲ, ಮೋಡ ಕವಿದ ಬೆಳಗಿನ ಹವೆ ಸಾಕು.

ಎರಡನೆಯ ಶಂಕಿತ ಗೀಸರ್ ಮತ್ತು ನೀರು ಕಾಯಿಸುವ ರಾಡ್. ಹೀಟರಿನ ಕೊಳವೆಯೊಳಗೆ ಬಿಸಿಯಾಗುವ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಒಣಗಿದ್ದಾಗ ಅದು ಒಳ್ಳೆಯ ನಿರೋಧಕ, ಆದರೆ ತೇವವನ್ನು ಹೀರುವ ಗುಣ ಅದಕ್ಕಿದೆ. ಬೇಸಿಗೆಯುದ್ದಕ್ಕೂ ಹಾಕದ ಗೀಸರನ್ನು ಜೂನ್ ಕೊನೆಯಲ್ಲಿ ಮೊದಲ ಸಲ ಹಾಕಿದಾಗ ಆರ್‌ಸಿಸಿಬಿ ಬಿದ್ದರೆ ಕೊಳವೆಯ ತುದಿಯ ಮುದ್ರೆಯ ಮೂಲಕ ತೇವ ಸೇರಿದೆ ಎಂದರ್ಥ. ಆರ್‌ಸಿಸಿಬಿ ತಪ್ಪಿಸಿ ಗೀಸರನ್ನು ನಡೆಸಿ ‘ಒಣಗಿಸುವ’ ಸಾಹಸಕ್ಕೆ ಹೋಗಬೇಡಿ. ಮೆಕ್ಯಾನಿಕ್ ಕಾಯಿಲನ್ನು ಬಿಚ್ಚಿ ಒಣಗಿಸುತ್ತಾರೆ, ಇಲ್ಲವೇ ಬದಲಿಸುತ್ತಾರೆ.

ಯಾವ ಒಂದು ಲೈನನ್ನು ಇಳಿಸಿದರೂ ನಿಲ್ಲುತ್ತದೆ, ಎಲ್ಲ ಎತ್ತಿದರೆ ಬೀಳುತ್ತದೆ ಎಂದಾದರೆ ಸಣ್ಣ ಸಣ್ಣ ಸೋರಿಕೆಗಳು ಕೂಡಿವೆ. ಫ್ರಿಜ್, ಕಂಪ್ಯೂಟರ್, ವಾಷಿಂಗ್ ಮಷಿನ್ ಇವೆಲ್ಲ ಆರೋಗ್ಯವಾಗಿದ್ದಾಗಲೂ ಒಂದಿಷ್ಟು ಸೋರಿಸುತ್ತವೆ, ತೇವದ ಗೋಡೆ ಇನ್ನೊಂದಿಷ್ಟು ಸೇರಿಸುತ್ತದೆ. ಎರಡು ಆರ್‌ಸಿಸಿಬಿ ಹಾಕಿ ಮನೆಯನ್ನು ಭಾಗ ಮಾಡಿಸುವುದು, ಅಥವಾ ಹೊರಗಿನ ಲೈನುಗಳಿಗೆ ಬೇರೆ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಬ್ರೇಕರ್) ಹಾಕಿಸುವುದು ಇದಕ್ಕೆ ಸರಿಯಾದ ಪರಿಹಾರ. 30ರ ಜಾಗದಲ್ಲಿ 100 ಮಿಲಿಆಂಪಿಯರಿನದನ್ನು ಹಾಕಿಸುವುದು ಪರಿಹಾರವಲ್ಲ, ಅದು ಮನುಷ್ಯನ ಜೀವ ಉಳಿಸುವ ಮಿತಿಯಲ್ಲ.

ಇದಾದ ಮೇಲೂ ದೋಷ ಸಿಗದಿದ್ದರೆ ಎಲೆಕ್ಟ್ರೀಷಿಯನ್ 500 ವೋಲ್ಟ್‌ನ ಮೆಗ್ಗರ್, ಅಂದರೆ ವೈರಿನ ಹೊದಿಕೆಯ ನಿರೋಧವನ್ನು ಅಳೆಯುವ ಮೀಟರ್, ತರಬೇಕು. ಉಪಕರಣಗಳನ್ನೆಲ್ಲ ಬಿಡಿಸಿ ಪ್ರತಿ ಲೈನನ್ನು ಅರ್ತಿಂಗಿಗೆ ಅಳೆದಾಗ ಒಂದು ಮೆಗಾಓಮ್‌ಗಿಂತ ಹೆಚ್ಚು ತೋರಿಸಬೇಕು. ಮಳೆಗಾಲದಲ್ಲಿ ಅಳೆದ ಅಂಕಿಯೇ ನಂಬಲು ತಕ್ಕದ್ದು. ಫೆಬ್ರವರಿಯಲ್ಲಿ ಅಳೆದು ‘ಎಲ್ಲ ಸರಿ ಇದೆ’ ಎಂದರೆ ಅದು ಜೂನಿಗೆ ಅನ್ವಯಿಸುವುದಿಲ್ಲ.

ಎಂಸಿಬಿಗಳೆಲ್ಲ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲುವುದಿಲ್ಲ

ಅನುಭವಿಗಳೂ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ನಮ್ಮ ಮನೆಗಳ ಎಂಸಿಬಿ ಸಾಮಾನ್ಯವಾಗಿ ಫೇಸನ್ನು ಮಾತ್ರ ಬಿಡಿಸುತ್ತದೆ, ನ್ಯೂಟ್ರಲ್‌ಗಳೆಲ್ಲ ಒಂದೇ ಪಟ್ಟಿಗೆ ಸೇರಿರುತ್ತವೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರು ಅರ್ತಿಂಗಿಗೆ ತಾಗುತ್ತಿದ್ದರೆ ಎಂಸಿಬಿ ಇಳಿಸಿದರೂ ಆ ದೋಷ ಹಾಗೇ ಉಳಿದಿರುತ್ತದೆ. ಇಂಥ ದೋಷದ ಇನ್ನೊಂದು ಗುರುತು ಏನೆಂದರೆ, ಕೆಲವು ಸಲ ಲೋಡು ಕಡಿಮೆ ಇದ್ದಾಗ ನಿಲ್ಲುತ್ತದೆ, ಯಾವ ಸಂಬಂಧವೂ ಇಲ್ಲದ ಇನ್ನೊಂದು ಕೋಣೆಯ ಇಸ್ತ್ರಿಪೆಟ್ಟಿಗೆ ಹಾಕಿದಾಗ ಬೀಳುತ್ತದೆ. ಎಲೆಕ್ಟ್ರೀಷಿಯನ್ ಮೇನ್ ತೆಗೆದು, ಪಟ್ಟಿಯಿಂದ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಅಳೆದೇ ಇದನ್ನು ಹಿಡಿಯಬೇಕು.

ಇನ್ವರ್ಟರ್ ಹಾಕಿಸಿದ ದಿನದಿಂದ ಈ ತೊಂದರೆ ಶುರುವಾಗಿದ್ದರೆ ಬೇರೆ ಕಡೆ ಹುಡುಕುವುದೇ ಬೇಡ. ಇನ್ವರ್ಟರಿನ ಲೈನಿನ ಫೇಸ್ ಒಂದು ದಾರಿಯಲ್ಲಿ ಹೋಗಿ, ನ್ಯೂಟ್ರಲ್ ಆರ್‌ಸಿಸಿಬಿಯನ್ನು ತಪ್ಪಿಸಿಕೊಂಡೋ ಇನ್ನೊಂದರ ಮೂಲಕವೋ ಹಿಂದಿರುಗುತ್ತಿದೆ. ನ್ಯೂಟ್ರಲ್ ಬೇರ್ಪಡಿಸಿ ಕೊಡುವುದು ಹಾಕಿದವರ ಹೊಣೆ.

ಸುಟ್ಟ ವಾಸನೆ, ‘ಚಿರ್’ ಎನ್ನುವ ಸದ್ದು, ಕಂದಿದ ಪ್ಲಾಸ್ಟಿಕ್

ಇಲ್ಲಿ ಪರೀಕ್ಷೆ ಬೇಡ. ಡಿಬಿಯನ್ನು ಮುಟ್ಟದೆ ತಲುಪಬಹುದಾದರೆ ಮೀಟರಿನ ಬಳಿಯ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರೀಷಿಯನ್‌ನನ್ನು ಕರೆಯಿರಿ. ಮೀನು ಕೊಳೆತಂಥ ವಾಸನೆ ಬಂದು ಅಡುಗೆಮನೆಯಲ್ಲಿ ಕಾರಣ ಸಿಗದಿದ್ದರೆ ಕಾಯುತ್ತಿರುವ ಪ್ಲಾಸ್ಟಿಕ್ಕನ್ನು ಶಂಕಿಸಬೇಕು. ಬೆಂಕಿ ಕಂಡರೆ ನೀರು ಹಾಕಬೇಡಿ, ಒಣ ಮರಳು ಎರಚಿ, ಮನೆಯವರನ್ನು ಹೊರಗೆ ಕಳಿಸಿ, 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಮೀಟರಿನಲ್ಲೋ ಕಂಬದಿಂದ ಬರುವ ಸರ್ವಿಸ್ ವೈರಿನಲ್ಲೋ ಕಿಡಿ ಕಂಡರೆ ಅದು ವಿದ್ಯುತ್ ಕಂಪನಿ ಹೆಸ್ಕಾಂನ ಕೆಲಸ, 1912ಕ್ಕೆ ಹೇಳಬೇಕು. ಮೀಟರಿನ ಸೀಲು ಒಡೆಯುವ ಅಧಿಕಾರ ಮನೆಯವರಿಗೂ ಇಲ್ಲ, ಎಲೆಕ್ಟ್ರೀಷಿಯನ್‌ಗೂ ಇಲ್ಲ.

ಮುಟ್ಟಿದರೆ ಜುಮ್ಮೆನ್ನುತ್ತದೆ, ಆದರೆ ಯಾವುದೂ ಬೀಳುವುದಿಲ್ಲ

ಎಲ್ಲ ಲಕ್ಷಣಗಳಲ್ಲಿ ಅತಿ ಗಂಭೀರವಾದದ್ದು ಇದು. ಬೀಳುವ ಬ್ರೇಕರ್ ಎಷ್ಟೇ ಕಿರಿಕಿರಿ ಮಾಡಿದರೂ ಕೆಲಸ ಮಾಡುತ್ತಿದೆ, ಬೀಳದ ಬ್ರೇಕರ್ ಮೌನವಾಗಿ ಕೈಕೊಡುತ್ತದೆ. ವಾಷಿಂಗ್ ಮಷಿನ್, ಫ್ರಿಜ್ ಅಥವಾ ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಆ ಉಪಕರಣದ ಪ್ಲಗ್ ಕಿತ್ತು, ನಲ್ಲಿಯಾದರೆ ಮೇನ್ ಆರಿಸಿ, ಸರಿಯಾಗುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.

ಡಿಬಿಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ನೋಡಿ. ಮುಖದ ಮೇಲೆ ಟೆಸ್ಟ್ ಬಟನ್ ಇರುವುದೇ ಅದರ ಗುರುತು. ಇಲ್ಲದಿದ್ದರೆ ಎಂಸಿಬಿ ಈ ದೋಷಕ್ಕೆ ಬೀಳುತ್ತದೆಂದು ನಂಬಿ ಕೂರಬಾರದು. ಮನೆಯ ಅರ್ತಿಂಗಿನ ರೋಧ 20 ಓಮ್ ಇದೆ ಎಂದುಕೊಳ್ಳಿ. ಫೇಸ್ ಪೂರ್ತಿಯಾಗಿ ಉಪಕರಣದ ಮೈಗೆ ತಾಗಿದರೂ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. 16ರ ಎಂಸಿಬಿಗೆ ಇದು ಮಾಮೂಲಿ ಲೋಡು. ಅದು ಬೀಳುವುದೇ ಇಲ್ಲ, ಉಪಕರಣದ ಮೈ ಜೀವಂತ ವೈರಾಗಿಯೇ ಉಳಿಯುತ್ತದೆ. ಚಿರೆಕಲ್ಲಿನ ನೆಲ ಮಾರ್ಚ್‌ನಿಂದ ಮೇ ತನಕ ಬಿರಿದು ಒಣಗಿದಾಗ ಅರ್ತಿಂಗಿನ ರೋಧ ಏರುವುದು ಸಹಜ. ಗುಂಡಿಗೆ ನೀರು ಹಾಕುತ್ತಿರಬೇಕು, ಸಮುದ್ರದ ಬದಿಯಲ್ಲಾದರೆ ಅರ್ತಿಂಗಿನ ಪೈಪು, ಪಟ್ಟಿ ತುಕ್ಕು ಹಿಡಿದು ತುಂಡಾಗಿವೆಯೇ ಎಂದು ನೋಡಿಸಬೇಕು.

ಆರ್‌ಸಿಸಿಬಿ ಇದ್ದರೆ ಕರೆಂಟು ಇರುವಾಗ ಟೆಸ್ಟ್ ಬಟನ್ ಒತ್ತಿ. ಕೂಡಲೇ ಬೀಳಬೇಕು. ಬೀಳದಿದ್ದರೆ ಅದನ್ನು ಆ ವಾರವೇ ಬದಲಿಸಿ. ಒಳಗಿನ ಸೂಕ್ಷ್ಮ ರಿಲೇಯನ್ನು ಒಂದು ಚಿಕ್ಕ ಕಾಯಂ ಅಯಸ್ಕಾಂತ ಹಿಡಿದಿರುತ್ತದೆ. ವರ್ಷಗಟ್ಟಲೆ ಅಲುಗದೆ ಇದ್ದರೆ, ತೇವ, ದೂಳು ಸೇರಿದರೆ ಅದು ಅಂಟಿಕೊಂಡುಬಿಡುತ್ತದೆ. ತಿಂಗಳಿಗೊಮ್ಮೆ ಒತ್ತುವುದರಿಂದ ಪರೀಕ್ಷೆಯೂ ಆಗುತ್ತದೆ, ರಿಲೇ ಅಂಟದಂತೆ ಸಡಿಲವಾಗಿಯೂ ಇರುತ್ತದೆ. ಆದರೆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ, ಅರ್ತಿಂಗ್ ಚೆನ್ನಾಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಸಿಡಿಲಿನ ನಂತರ, ನೆರೆಯ ನಂತರ

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗು ಮಳೆಯಲ್ಲಿ ಆರ್‌ಸಿಸಿಬಿ ಒಮ್ಮೆ ಬಿದ್ದು, ಎತ್ತಿದಾಗ ನಿಂತರೆ ಹೆಚ್ಚು ಚಿಂತಿಸಬೇಕಿಲ್ಲ. ಟೆಸ್ಟ್ ಬಟನ್ ಒತ್ತಿ ನೋಡಿದರೆ ಸಾಕು. ಪ್ರತಿ ಸಿಡಿಲಿಗೂ ಬೀಳುತ್ತಿದ್ದರೆ ಡಿಬಿಗೆ ಸರ್ಜ್ ರಕ್ಷಕ (ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವ ಸಾಧನ) ಹಾಕಿಸುವುದು ಲೇಸು.

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಲ್ಲಿ ಆದಂತೆ ನೀರು ಮನೆಯೊಳಗೆ ನುಗ್ಗಿ ಡಿಬಿ ಮುಳುಗಿದ್ದರೆ, ನೀರು ಇಳಿದ ಮೇಲೆ ಒಣಗಿದಂತೆ ಕಂಡರೂ ಏನನ್ನೂ ಎತ್ತಬೇಡಿ. ನೀರಲ್ಲಿ ನಿಂತು ಮೇನ್ ಮುಟ್ಟಬೇಡಿ, ಹೆಸ್ಕಾಂನವರಿಂದ ಕಂಬದಲ್ಲೇ ಸಂಪರ್ಕ ತೆಗೆಸಿ. ಕೆಸರು ಹೊಕ್ಕ ಎಂಸಿಬಿ, ಆರ್‌ಸಿಸಿಬಿಗಳನ್ನು ತೊಳೆದು ಒಣಗಿಸಿ ಬಳಸುವಂತಿಲ್ಲ, ಎಲ್ಲವನ್ನೂ ಬದಲಿಸಲೇಬೇಕು.

ಬದಲಿಸುವಾಗ ನೋಡಬೇಕಾದದ್ದು

ಹಳೆಯದರ ಆಂಪಿಯರ್ ಮತ್ತು ಅಕ್ಷರವನ್ನು ಬರೆದುಕೊಂಡು ಹೋಗಿ, ಆದರೆ ಹಳೆಯದೇ ತಪ್ಪಾಗಿದ್ದಿರಬಹುದಾದ್ದರಿಂದ ವೈರಿನ ದಪ್ಪವನ್ನೂ ತಿಳಿದುಕೊಂಡಿರಿ. ಮೈಮೇಲೆ ಐಎಸ್‌ಐ ಗುರುತು ಇರಬೇಕು. ಚೌಕಟ್ಟಿನೊಳಗೆ 6000 ಅಥವಾ 10000 ಎಂದು ಬರೆದಿರುವುದು ಅದು ಎಷ್ಟು ಆಂಪಿಯರಿನ ಶಾರ್ಟನ್ನು ಒಡೆಯದೆ ಕಡಿಯಬಲ್ಲದು ಎಂಬುದರ ಲೆಕ್ಕ. ಟ್ರಾನ್ಸ್‌ಫಾರ್ಮರಿಗೆ ಹತ್ತಿರವಿರುವ ಪೇಟೆಯ ಮನೆ, ಅಂಗಡಿಗಳಿಗೆ 10000ದ್ದೇ ಇರಲಿ. ಮನೆಯಲ್ಲಿ ಇನ್ವರ್ಟರ್ ಏರ್ ಕಂಡಿಷನರ್, ವಾಷಿಂಗ್ ಮಷಿನ್ ಇದ್ದರೆ ಆರ್‌ಸಿಸಿಬಿಯಲ್ಲಿ ಎಸಿ ಮಾದರಿಗಿಂತ ಎ ಮಾದರಿ ಕೇಳಿ ತನ್ನಿ, ಅಂಥ ಉಪಕರಣಗಳಿಂದ ಸೋರುವ ಮಿಡಿಯುವ ಡಿಸಿ ಅಂಶವನ್ನೂ ಅದು ಗುರುತಿಸುತ್ತದೆ. ಕೆಲಸ ಮುಗಿದ ಮೇಲೆ ಯಾವ ಎಂಸಿಬಿ ಯಾವ ಕೋಣೆಯದು, ಯಾವ ದಿನ ಹಾಕಿದ್ದು ಎಂಬುದನ್ನು ಎಲೆಕ್ಟ್ರೀಷಿಯನ್ ಎದುರಲ್ಲೇ ಒಂದು ಚೀಟಿಯಲ್ಲಿ ಬರೆದು ಡಿಬಿಯ ಬಾಗಿಲಿನ ಒಳಬದಿಗೆ ಅಂಟಿಸಿ. ಮೇಲೆ ಪಾರದರ್ಶಕ ಟೇಪು ಹಚ್ಚದಿದ್ದರೆ ನಮ್ಮ ಮಳೆಗಾಲಕ್ಕೆ ಆ ಬರಹ ಉಳಿಯುವುದಿಲ್ಲ.